ಔಷಧದ ಚೀಟಿಯೂ ಅರಿವಿನ ದಾಸೋಹವೂ



ಕಳೆದ ತಿಂಗಳು ಆಪ್ತರೊಬ್ಬರ ಯೋಗಕ್ಷೇಮ ವಿಚಾರಿಸಲು ಬಾಗಲಕೋಟೆಗೆ ಹೋಗಿ, ನವನಗರದ ಆಸ್ಪತ್ರೆಯೊಂದರ ಪಡಸಾಲೆಯಲ್ಲಿ ಕೆಲಹೊತ್ತು ಕುಳಿತಿದ್ದೆವು. ಹುನಗುಂದದ ಕಡೆಯ ಹಳ್ಳಿಯವರೊಬ್ಬರು, ಎಪ್ಪತ್ತು ದಾಟಿದ ಹಿರಿಯರು, ಬಂದು ನಮ್ಮ ಪಕ್ಕದಲ್ಲಿ ಕುಳಿತರು. ತಲೆಗೆ ರುಮಾಲು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ವೈದ್ಯರು ಬರೆದುಕೊಟ್ಟ ಚೀಟಿ. ಆ ಚೀಟಿಯನ್ನು ಒಮ್ಮೆ ಬಿಚ್ಚಿದರು, ಒಮ್ಮೆ ಮಡಿಚಿದರು, ಕೊನೆಗೆ ನಮ್ಮತ್ತ ಚಾಚಿ, "ಅಯ್ಯಾರ, ಇದೊಂದಿಷ್ಟು ಓದಿ ಹೇಳ್ರಿ. ನನ್ನ ಚಾಳೀಸು ಮನ್ಯಾಗ ಬಿಟ್ಟು ಬಂದೀನಿ" ಎಂದರು. ಅವರ ಅಂಗಿಯ ಕಿಸೆಯಿಂದ ಚಾಳೀಸಿನ ಕಡ್ಡಿ ಇಣುಕುತ್ತಿತ್ತು. ನಾವು ಕಂಡೂ ಕಾಣದವರಂತೆ ಚೀಟಿಯನ್ನು ತೆಗೆದುಕೊಂಡೆವು. ಗುಳಿಗೆಯ ಹೆಸರಿನ ಮುಂದೆ 1-0-1 ಎಂದು ಬರೆದಿತ್ತು. ಅಂಕಿಗಳನ್ನು ಬಲ್ಲ ಆ ಹಿರಿಯರು ಬೆರಳಿಟ್ಟು ತೋರಿಸಿ, "ಇದರ ಕಿಮ್ಮತ್ತು ನೂರಾ ಒಂದು ರೂಪಾಯಿ ಏನ್ರಿ?" ಎಂದು ಕೇಳಿದರು.

ಮದುವೆಯ ಆಹೇರಿಗೆ ನೂರಾ ಒಂದು ರೂಪಾಯಿ ಬರೆಸಿ ರೂಢಿಯಾದ ಕಣ್ಣಿಗೆ ಅದು ಹಾಗೆ ಕಂಡಿದ್ದರೆ ಸೋಜಿಗವೇನೂ ಇಲ್ಲ. ಮುಂಜಾನೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂಬುದು ಅದರ ಅರ್ಥವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವರಿಗೆ ತಲುಪಿರಲಿಲ್ಲ. ಓದಲು ಬಾರದು ಎಂದು ಹೇಳುವುದಕ್ಕಿಂತ ಚಾಳೀಸು ಮರೆತೆನೆಂದು ಹೇಳುವುದು ಅವರಿಗೆ ಸುಲಭವಾಗಿತ್ತು. ಆ ಚಿಕ್ಕ ಸುಳ್ಳಿನ ಹಿಂದೆ ಇದ್ದದ್ದು ಕಪಟವಲ್ಲ, ಮಾನ. ಬೇನೆ ಬಂದವರು ತಮ್ಮ ತಿಳಿಯದಿರುವಿಕೆಯನ್ನು ಮರೆಮಾಡುವಂತೆ ಮಾಡುವ ಈ ನಾಚಿಕೆಯೇ ಎಷ್ಟೋ ಮನೆಗಳಲ್ಲಿ ಮೂಲರೋಗಕ್ಕಿಂತ ಹೆಚ್ಚಿನ ಕೇಡನ್ನು ಮಾಡುತ್ತಿದೆ. ಈ ತಿಂಗಳು ಅದನ್ನು ಕುರಿತೇ ನಾಲ್ಕು ಮಾತುಗಳನ್ನು ಹಂಚಿಕೊಳ್ಳಬೇಕೆಂದಿದ್ದೇವೆ.

ಈ ವಿಷಯದಲ್ಲಿ ನಮಗೆ ಕಣ್ಣು ತೆರೆದದ್ದು ಎರಡು ವರ್ಷಗಳ ಹಿಂದೆ, ಅದೂ ನಮ್ಮ ತಪ್ಪಿನಿಂದಲೇ. ನಮ್ಮ ಹಿರಿಯಕ್ಕನನ್ನು ಇಳಕಲ್ಲಿಗೆ ಕೊಟ್ಟಿದೆ. ಮನೆಯಲ್ಲಿ ಕುಣಿಮಗ್ಗವಿತ್ತು, ನಲವತ್ತು ವರ್ಷ ಕಂಡಿಕೆ ಸುತ್ತಿದ ಕೈಗಳು ಅವಳವು. ಆ ಕೈಗಳ ಕೀಲುಗಳಿಗೆ ಬಾವು ಬಂದು, ಮುಂಜಾನೆ ಎದ್ದರೆ ಮುಷ್ಟಿ ಕಟ್ಟಲಾಗದ ಸ್ಥಿತಿಯಾದಾಗ ಪಟ್ಟಣದ ವೈದ್ಯರೊಬ್ಬರು ಎರಡು ಬಗೆಯ ಗುಳಿಗೆಗಳನ್ನು ಬರೆದುಕೊಟ್ಟರು. ಒಂದು ಮೆಥೊಟ್ರೆಕ್ಸೇಟ್ ಎಂಬುದು. ಕೀಲುವಾತಕ್ಕೆ ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಇನ್ನೊಂದು ಫೋಲಿಕ್ ಆಮ್ಲ, ಉಳಿದ ದಿನಗಳಿಗಾಗಿ. ಎರಡೂ ಚಿಕ್ಕವು, ಎರಡೂ ಹಳದಿ. ನಾವೇ ಚೀಟಿಯನ್ನು ಓದಿ, "ಇದು ವಾರಕ್ಕೊಮ್ಮೆ, ಇದು ಉಳಿದ ದಿನ. ತಿಳೀತೇನಕ್ಕಾ?" ಎಂದು ಕೇಳಿದೆವು. "ಹೂಂ, ತಿಳೀತು ತಮ್ಮಾ" ಎಂದಳು. ಕರ್ತವ್ಯ ಮುಗಿಯಿತೆಂದು ನಾವು ನಮ್ಮ ಊರಿಗೆ ಮರಳಿದೆವು.

ಅಕ್ಕನಿಗೆ ಅದು ತಿಳಿದಿರಲಿಲ್ಲ. ಯಾವ ಹಳದಿ ಗುಳಿಗೆ ಯಾವುದೆಂಬುದು ಅವಳಲ್ಲಿ ಅದಲುಬದಲಾಯಿತು. ವಾರಕ್ಕೊಮ್ಮೆಯದು ದಿನಕ್ಕೊಮ್ಮೆಯಾಯಿತು. ಕೆಲವೇ ದಿನಗಳಲ್ಲಿ ಬಾಯಿ ತುಂಬ ಹುಣ್ಣೆದ್ದವು. ಉಷ್ಣವಾಗಿದೆಯೆಂದು ಮಜ್ಜಿಗೆ ಕುಡಿದಳು, ಜೀರಿಗೆ ನೆನೆಹಾಕಿ ಕುಡಿದಳು. ಗುಳಿಗೆ ಬಿಡಬಾರದೆಂದು ಯಾರೋ ಹೇಳಿದ್ದರಿಂದ ಅದನ್ನು ಮಾತ್ರ ನಿಷ್ಠೆಯಿಂದ ನುಂಗುತ್ತಲೇ ಹೋದಳು. ಜ್ವರ ಏರಿ, ಅನ್ನ ಸೇರದೆ, ನೀರೂ ಇಳಿಯದ ಹೊತ್ತಿಗೆ ಮಗ ಆಸ್ಪತ್ರೆಗೆ ಸೇರಿಸಿದ. ರಕ್ತದಲ್ಲಿಯ ಬಿಳಿಕಣಗಳು ಕುಸಿದಿದ್ದವು. ಇನ್ನು ಕೆಲವು ದಿನ ತಡವಾಗಿದ್ದರೆ ಉಳಿಸಿಕೊಳ್ಳುವುದು ಕಷ್ಟವಿತ್ತೆಂದು ಅಲ್ಲಿಯ ವೈದ್ಯರು ಹೇಳಿದರು. ಅಕ್ಕ ಶಿವಕೃಪೆಯಿಂದಲೂ ಅವರ ಆರೈಕೆಯಿಂದಲೂ ಬದುಕಿ ಬಂದಳು.

ಅವಳಿಗೆ ಮಾತು ಬಂದ ಮೇಲೆ ನಾವು ಕೇಳಿದೆವು: ತಿಳಿಯದಿದ್ದರೆ ಮತ್ತೊಮ್ಮೆ ಕೇಳಬಾರದಿತ್ತೇ? ಅವಳು ಹೇಳಿದ ಉತ್ತರ ಇಂದಿಗೂ ನಮ್ಮ ಕಿವಿಯಲ್ಲಿದೆ. "ನೀ ಅಷ್ಟು ಓದಿದಾಂವ. ಮತ್ತ ಮತ್ತ ಕೇಳಿದ್ರ ಎಲ್ಲಿ ಬ್ಯಾಸರ ಮಾಡ್ಕೋತಿಯೋ ಅಂತ ಸುಮ್ಮನಾದೆ, ತಮ್ಮಾ."

ನಮ್ಮ ಓದು ಅವಳ ನೆರವಿಗೆ ಬರಬೇಕಾಗಿತ್ತು; ಅದೇ ಅವಳ ಬಾಯಿ ಕಟ್ಟಿತು. ಅಷ್ಟೇ ಅಲ್ಲ, ಆ ಔಷಧವನ್ನು ದಿನವೂ ತೆಗೆದುಕೊಂಡರೆ ಪ್ರಾಣಕ್ಕೆ ಎರವಾಗುವುದೆಂಬ ಸಂಗತಿ ನಮಗೂ ಗೊತ್ತಿರಲಿಲ್ಲ. ಸಂಸ್ಕೃತ, ಕನ್ನಡಗಳೆರಡರಲ್ಲೂ ಗ್ರಂಥಗಳನ್ನು ಓದಿದ ನಾವೂ ಆ ಚೀಟಿಯ ಮುಂದೆ ನಿರಕ್ಷರರೇ ಆಗಿದ್ದೆವು.

ಆದುದರಿಂದ ಇದನ್ನು ಓದುಬರಹವಿಲ್ಲದವರ ತೊಂದರೆಯೆಂದಷ್ಟೇ ಬಗೆಯಬಾರದು. 2011ರ ಜನಗಣತಿಯಂತೆ ಬಾಗಲಕೋಟೆ ಜಿಲ್ಲೆಯಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು 69. ಹೆಣ್ಣುಮಕ್ಕಳಲ್ಲಿ ಸುಮಾರು 58 ಮಾತ್ರ. ಮನೆಯಲ್ಲಿ ಬೇನೆಬಿದ್ದವರಿಗೆ ಔಷಧ ಕೊಡುವ ಕೈ ಬಹುತೇಕ ತಾಯಂದಿರದೇ ಆಗಿರುವುದನ್ನು ನೆನೆದರೆ ಈ ಅಂಕಿಯ ಭಾರ ಅರಿವಾಗುತ್ತದೆ. ಆದರೆ ಅಕ್ಷರ ಕಲಿತ ಮಾತ್ರಕ್ಕೆ ಆರೋಗ್ಯದ ಅರಿವು ಬರುವುದಿಲ್ಲ. ಎಲ್ಲರೂ ಶಾಲೆ ಕಲಿತ ಅಮೆರಿಕದಲ್ಲಿಯೇ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಆರೋಗ್ಯದ ತಿಳಿವಳಿಕೆಯನ್ನು ಗ್ರಹಿಸಿ ಅದರಂತೆ ನಡೆಯುವುದು ಕಷ್ಟವೆಂದು ಅಲ್ಲಿಯ ವೈದ್ಯಕೀಯ ತಜ್ಞರ ಸಂಸ್ಥೆಯೊಂದು 2004ರಲ್ಲಿ ವರದಿ ಮಾಡಿತು. ಇದು ಬುದ್ಧಿಯ ಕೊರತೆಯೂ ಅಲ್ಲ. ಇಳಕಲ್ಲಿನ ಮಗ್ಗದ ಮನೆಗಳಲ್ಲಿ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೂಡಿಸಿ ಕೊಂಡಿ ಹಾಕುವವರನ್ನು ನೋಡಿರಿ. ತೋಪುತೆನಿ, ಹಣಿಗೆ, ಕೋಟಿಕಮ್ಮಲಿ ಎಂಬ ಸೆರಗಿನ ಬಗೆಗಳನ್ನು ಕಾಗದದ ನೆರವಿಲ್ಲದೆ ಲೆಕ್ಕ ತಪ್ಪದಂತೆ ತೆಗೆಯುವವರಲ್ಲಿ ಎಷ್ಟೋ ಜನರಿಗೆ ಸಹಿ ಮಾಡಲು ಬಾರದು. ಅಂಥವರಿಗೆ ಎರಡು ಗುಳಿಗೆಗಳ ಲೆಕ್ಕ ಹತ್ತದೆ ಹೋದರೆ, ದೋಷ ಲೆಕ್ಕವನ್ನು ಹೇಳಿದ ರೀತಿಯಲ್ಲಿದೆ.

ಹಾಗಾದರೆ ತಿಳಿಯದೆ ಕುಳಿತವರನ್ನು ಗುರುತಿಸುವುದು ಹೇಗೆ? ಅವರು ತಾವಾಗಿ ಹೇಳಿಕೊಳ್ಳುವುದಿಲ್ಲವೆಂಬುದನ್ನು ಮೊದಲು ನೆನಪಿಡಬೇಕು. ಚಾಳೀಸು ಮರೆತೆನೆನ್ನುವರು, ಮನೆಗೆ ಹೋಗಿ ಮಗನಿಂದ ಓದಿಸುವೆನೆನ್ನುವರು, ಆಸ್ಪತ್ರೆಯ ಅರ್ಜಿಯನ್ನು ಅರ್ಧ ತುಂಬಿ, ಇಲ್ಲವೇ ತುಂಬದೆಯೇ ಮರಳಿಸುವರು. ಗುಳಿಗೆಯ ಹೆಸರು ಕೇಳಿದರೆ ಹೇಳಲಾಗದೆ, ಕೆಂಪು ಗುಳಿಗೆ, ಉದ್ದ ಗುಳಿಗೆ ಎಂದು ಬಣ್ಣ ಆಕಾರಗಳಿಂದ ಗುರುತು ಹೇಳುವರು. ಅಂಗಡಿಯವರು ಬೇರೆ ಕಂಪನಿಯ ಗುಳಿಗೆ ಕೊಟ್ಟರೆ ಬಣ್ಣ ಬದಲಾಗಿ ಗೊಂದಲಕ್ಕೆ ಬೀಳುವರು. ಇಲ್ಲವೇ ಹೆಸರೆರಡು, ಔಷಧವೊಂದೇ ಎಂಬುದು ತಿಳಿಯದೆ ಹಳೆಯದನ್ನೂ ಹೊಸದನ್ನೂ ಕೂಡಿಯೇ ನುಂಗುವರು. ರಕ್ತ ಪರೀಕ್ಷೆಗೆ ಹೇಳಿದ ದಿನ ಹೋಗುವುದಿಲ್ಲ. ವೈದ್ಯರು ಏನು ಹೇಳಿದರೂ ಹೂಂ ಎನ್ನುವರು, ಒಂದೂ ಪ್ರಶ್ನೆ ಕೇಳುವುದಿಲ್ಲ. ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ಎಚ್ಚರಿಕೆಯಿಂದ ನೋಡಬೇಕಾದದ್ದು ಈ ಕೊನೆಯ ಗುರುತನ್ನೇ. ಎಲ್ಲವೂ ತಿಳಿದವರಿಗೆ ಒಂದಾದರೂ ಸಂದೇಹ ಇದ್ದೇ ಇರುತ್ತದೆ; ಏನೂ ತಿಳಿಯದವರು ಕೇಳುವುದಾದರೂ ಏನನ್ನು?

ಇನ್ನು ಉಪಾಯದ ಮಾತು. ಅದನ್ನು ನಮಗೆ ತೋರಿಸಿದವಳು ಅಕ್ಕ ಇದ್ದ ಆಸ್ಪತ್ರೆಯ ಒಬ್ಬ ದಾದಿ, ಇಪ್ಪತ್ತೈದರ ಆಚೀಚೆಯ ಹುಡುಗಿ. ಮನೆಗೆ ಕಳುಹಿಸುವ ದಿನ ಹೊಸ ಔಷಧಗಳನ್ನೆಲ್ಲ ಮಂಚದ ಮೇಲೆ ಹರವಿ ಒಂದೊಂದನ್ನೂ ತೋರಿಸಿ ಹೇಳಿದಳು. ಆಮೇಲೆ ತಿಳಿಯಿತೇ ಎಂದು ಕೇಳಲಿಲ್ಲ. "ಅಮ್ಮಾರ, ಮನಿಗೆ ಹೋದ ಮ್ಯಾಲೆ ನಿಮ್ಮ ಸೊಸಿ ಕೇಳ್ತಾರ, ಯಾವುದು ಯಾವಾಗ ಅಂತ. ಅವರಿಗೆ ಹ್ಯಾಂಗ ಹೇಳ್ತೀರಿ, ನನಗ ಒಮ್ಮಿ ಹೇಳಿ ತೋರಸ್ರಿ. ನಾ ಸರಿಯಾಗಿ ಹೇಳೀನೋ ಇಲ್ಲೋ ನೋಡ್ತೀನಿ" ಎಂದಳು. ಅಕ್ಕ ಹೇಳತೊಡಗಿದಳು. ಎರಡನೆಯದರಲ್ಲಿ ತಪ್ಪಿದಳು. ಆ ಹುಡುಗಿ ನಗಲಿಲ್ಲ, ಗದರಲಿಲ್ಲ. "ನಾನ ಸರಿ ಹೇಳಿಲ್ರಿ, ಇನ್ನೊಮ್ಮಿ ಹೇಳ್ತೀನಿ" ಎಂದು ಬೇರೆ ಮಾತುಗಳಲ್ಲಿ ತಿಳಿಸಿದಳು. ಮೂರನೆಯ ಸಲ ಅಕ್ಕ ಪೂರ್ತಿಯಾಗಿ ಹೇಳಿದಾಗ ಅವಳ ಮುಖದಲ್ಲಿ ಕಂಡ ಧೈರ್ಯವನ್ನು ನಾವು ಬಹಳ ದಿನಗಳಿಂದ ಕಂಡಿರಲಿಲ್ಲ.

ಇದನ್ನು ನೋಡುತ್ತ ನಿಂತ ನಮಗೆ ಬಾದಾಮಿ ತಾಲೂಕಿನ ಶಿವಯೋಗಮಂದಿರದ ದಿನಗಳು ಕಣ್ಣಮುಂದೆ ಬಂದವು. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಸ್ಥಾಪಿಸಿದ ಆ ಪುಣ್ಯಸ್ಥಳದಲ್ಲಿ ವಟುವಾಗಿದ್ದ ಕಾಲದಲ್ಲಿ ನಮ್ಮ ಗುರುಗಳು ಪಾಠ ಮುಗಿಸಿ, ತಿಳಿಯಿತೇ ಎಂದು ಕೇಳಿದ್ದು ನಮಗೆ ನೆನಪಿಲ್ಲ. 'ಒಪ್ಪಿಸು' ಎನ್ನುತ್ತಿದ್ದರು. ಕೇಳಿದ್ದನ್ನು ನಮ್ಮ ಬಾಯಿಂದ ಹೇಳಿ ಒಪ್ಪಿಸಿದಾಗಲೇ ಪಾಠ ನಮ್ಮದಾಗುತ್ತಿತ್ತು. ಕುಮಾರ ಶಿವಯೋಗಿಗಳ ಕೃಪಾಛಾಯೆಯಲ್ಲಿ ಬೆಳೆದ ಪಂಡಿತ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದವರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರು. ಕಿವಿಯಿಂದ ಕೇಳಿ ಕಂಠದಿಂದ ಒಪ್ಪಿಸುವ ಕ್ರಮದಿಂದಲೇ ಅಷ್ಟು ದೊಡ್ಡ ಸಂಗೀತ ಪರಂಪರೆ ಗದುಗಿನ ಪುಣ್ಯಾಶ್ರಮದಲ್ಲಿ ಬೆಳೆದು ನಿಂತಿತು. ಹೀಗಿರುವಾಗ ಕಾಗದ ಓದಲಾರದವರಿಗೆ ಔಷಧದ ಕ್ರಮವನ್ನು ಕಲಿಸಲಾಗದೆಂಬ ಮಾತನ್ನು ನಾವು ಒಪ್ಪುವುದು ಹೇಗೆ?

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಪಾಠಶಾಲೆಯಲ್ಲಿ ಒಪ್ಪಿಸುವಾಗ ತಪ್ಪಿದರೆ ತಪ್ಪು ಶಿಷ್ಯನದು. ರೋಗಿ ಒಪ್ಪಿಸುವಾಗ ತಪ್ಪಿದರೆ ತಪ್ಪು ಹೇಳಿಕೊಟ್ಟವರದು. ಆ ದಾದಿ ತಪ್ಪನ್ನು ತನ್ನ ಮೇಲೆ ಹಾಕಿಕೊಂಡದ್ದರಲ್ಲಿಯೇ ಅವಳ ವಿದ್ಯೆಯ ಗುಟ್ಟೆಲ್ಲ ಇತ್ತು. ಇದು ಪರೀಕ್ಷೆಯೆಂದು ಅನಿಸಿದ ಕೂಡಲೇ ರೋಗಿಯ ಬಾಯಿ ಮುಚ್ಚುತ್ತದೆ.

ಮನೆಮಂದಿ ಮಾಡಬೇಕಾದದ್ದು ಕಷ್ಟದ್ದೇನಲ್ಲ. ಹಿರಿಯರು ಆಸ್ಪತ್ರೆಗೆ ಹೋಗುವಾಗ ಜೊತೆಗೆ ಒಬ್ಬರು ಹೋಗಲಿ. ಮನೆಯಲ್ಲಿರುವ ಔಷಧಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮುಂದಿಡಲಿ. ಮೂರು ಮಾತುಗಳನ್ನು ಕೇಳದೆ ಎದ್ದು ಬರಬಾರದು. ಇವರಿಗೆ ಆಗಿರುವುದೇನು? ನಾವು ಮಾಡಬೇಕಾದದ್ದೇನು? ಮಾಡದಿದ್ದರೆ ಏನಾಗುತ್ತದೆ? ಮನೆಗೆ ಬಂದ ಮೇಲೆ ಮುಂಜಾನೆಯ ಗುಳಿಗೆಗಳ ಡಬ್ಬಿಗೆ ಸೂರ್ಯನನ್ನೂ ರಾತ್ರಿಯವಕ್ಕೆ ಚಂದ್ರನನ್ನೂ ಬರೆಯಬಹುದು. ನಮ್ಮ ಅಕ್ಕ ಈಗ ಮುಂಜಾನೆಯ ಡಬ್ಬಿಗೆ ಕೆಂಪು ನೂಲು, ರಾತ್ರಿಯ ಡಬ್ಬಿಗೆ ಕಪ್ಪು ನೂಲು ಕಟ್ಟಿಕೊಂಡಿದ್ದಾಳೆ. ಆ ಉಪಾಯ ಅವಳದೇ. ಬೇರೆಯವರು ಹೇಳಿದ್ದು ಮರೆತುಹೋದೀತು, ತಾನೇ ಕಂಡುಕೊಂಡದ್ದು ಮರೆಯದು.

ಮಗುವಿಗೆ ಭೇದಿಯಾದಾಗ ಕೊಡುವ ಓ.ಆರ್.ಎಸ್. ಪುಡಿಯ ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ಶುದ್ಧ ನೀರು ಬೇಕು. ಚಿಕ್ಕ ಪೊಟ್ಟಣಗಳಿಗೆ 200 ಮಿಲಿ ಲೀಟರ್ ಸಾಕು. ದೊಡ್ಡದನ್ನು ಒಂದು ಲೋಟದಲ್ಲಿ ಕದಡಿ ಕುಡಿಸಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಪೊಟ್ಟಣದ ಮೇಲೆ ಬರೆದ ಅಳತೆಯನ್ನು ಅಂಗಡಿಯವರಿಂದಲೇ ಕೇಳಿ ತಿಳಿದು, ಮನೆಯ ಯಾವ ತಂಬಿಗೆಗೆ ಎಷ್ಟು ಹಿಡಿಯುತ್ತದೆಂದು ಗೊತ್ತುಮಾಡಿಟ್ಟುಕೊಳ್ಳಬೇಕು. ಕೆಲವು ಗುಳಿಗೆಗಳ ಹಾಳೆಯ ಮೇಲೆ ಉದ್ದಕ್ಕೂ ಕೆಂಪು ಗೆರೆಯಿರುತ್ತದೆ. ವೈದ್ಯರ ಚೀಟಿಯಿಲ್ಲದೆ ಅವನ್ನು ಕೊಳ್ಳಬಾರದು, ನುಂಗಬಾರದು ಎಂಬುದು ಅದರ ಅರ್ಥ. ಆಂಟಿಬಯೋಟಿಕ್ ಔಷಧಗಳ ಮೇಲಿನ ಆ ಗೆರೆಯ ಬಗ್ಗೆ ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರವನ್ನೂ ಆರಂಭಿಸಿತು. ಅಕ್ಷರ ಬಾರದವರಿಗೂ ತಿಳಿಯುವಂಥ ಗುರುತು ಇದು. ಆದರೂ ಎಷ್ಟು ಮನೆಗಳಿಗೆ ಗೊತ್ತಿದೆ? ಕ್ಷಯದ ಔಷಧವನ್ನು ಸಾಮಾನ್ಯವಾಗಿ ಆರು ತಿಂಗಳು, ಹೇಳಿದಷ್ಟು ದಿನ, ಪೂರ್ತಿ ತೆಗೆದುಕೊಳ್ಳಬೇಕು. ಕೆಮ್ಮು ನಿಂತಿತೆಂದು ನಡುವೆ ಬಿಟ್ಟರೆ ರೋಗ ಔಷಧಕ್ಕೆ ಮಣಿಯದಂತಾಗಿ ಮರಳುತ್ತದೆ. ರಕ್ತದ ಒತ್ತಡದ ಗುಳಿಗೆಯೂ ಹಾಗೆಯೇ. ತಲೆ ತಿರುಗುವುದು ನಿಂತದ್ದು ಗುಳಿಗೆಯ ಬಲದಿಂದ. ಅದು ಗುಳಿಗೆ ಬಿಡುವುದಕ್ಕೆ ಅಪ್ಪಣೆಯಲ್ಲ.

ನಮ್ಮ ಸಮಾಜದ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಇಷ್ಟಲಿಂಗ ಪೂಜೆಯಾಗುವ ತನಕ ಹನಿ ನೀರನ್ನೂ ಮುಟ್ಟದ ನಿಷ್ಠಾವಂತರು ನಮ್ಮಲ್ಲಿದ್ದಾರೆ. ಸೋಮವಾರ, ಶ್ರಾವಣ ಮಾಸ, ಶಿವರಾತ್ರಿಗಳಲ್ಲಿ ಉಪವಾಸವಿರುವವರಿದ್ದಾರೆ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಉಣ್ಣದೆ ಕುಳಿತರೆ ರಕ್ತದ ಸಕ್ಕರೆ ತೀರ ಇಳಿದು, ಬೆವತು ನಡುಗಿ ಎಚ್ಚರ ತಪ್ಪಬಹುದು. ಉಪವಾಸವೆಂದು ತಮಗೆ ತಾವೇ ಗುಳಿಗೆ ಬಿಟ್ಟರೂ ಕೇಡೇ. ವೈದ್ಯರು ಉಪವಾಸದ ಬಗ್ಗೆ ಕೇಳುವುದಿಲ್ಲ, ನಾವು ಹೇಳುವುದಿಲ್ಲ. ಸಂಕೋಚವಿಲ್ಲದೆ ಹೇಳಬೇಕು; ವೈದ್ಯರು ವೇಳೆಯನ್ನು ಹೊಂದಿಸಿಕೊಡಬಲ್ಲರು. ಪೂಜೆಗೆ ಮೊದಲು ಔಷಧ ಸೇವಿಸಬಹುದೇ ಎಂದು ಅನೇಕರು ನಮ್ಮನ್ನು ಕೇಳುತ್ತಾರೆ. ಧಾರಾಳವಾಗಿ ಸೇವಿಸಬಹುದು. ಔಷಧ ನಾಲಗೆಯ ರುಚಿಗಾಗಿ ಉಣ್ಣುವ ಪದಾರ್ಥವಲ್ಲ. ಲಿಂಗಕ್ಕೆ ಅರ್ಪಿಸದೆ ಏನನ್ನೂ ಕೊಳ್ಳೆನೆಂಬವರು ಆ ಗುಳಿಗೆಯನ್ನೂ ನೀರನ್ನೂ ಲಿಂಗಾರ್ಪಿತವೆಂಬ ಭಾವದಿಂದ ಪ್ರಸಾದವಾಗಿ ಸ್ವೀಕರಿಸಲಿ. ಕಾಯ ನಿಂತರೆ ಕಾಯಕ. ಕಾಯಕ ನಿಂತರೆ ದಾಸೋಹ.

ನಮ್ಮ ಮಕ್ಕಳಲ್ಲಿ ಅನೇಕರು ಈಗ ವೈದ್ಯರಾಗಿದ್ದಾರೆ. 1906ರಲ್ಲಿ ಆರಂಭವಾದ ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 2002ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನೇ ತೆರೆಯಿತು. ಅದರ ಆಸ್ಪತ್ರೆಗೆ ಕುಮಾರೇಶ್ವರರ ಹೆಸರಿದೆ. ಈ ತರುಣ ವೈದ್ಯರಲ್ಲಿ ನಮ್ಮದೊಂದು ಅರಿಕೆ. ಔಷಧದ ಹೆಸರನ್ನು ಓದಲು ಬರುವಂತೆ, ಸಾಧ್ಯವಾದಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು 2016ರಲ್ಲಿ ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು ನಿಯಮ ಮಾಡಿತು. ಅದು ಅಂಗಡಿಯವರಿಗೆ ನೆರವಾದೀತು. ರೋಗಿಗೆ ನೆರವಾಗುವುದು ಕನ್ನಡದ ಎರಡು ಮಾತು. ರಿಪೋರ್ಟ್ ನೆಗೆಟಿವ್ ಬಂದಿದೆ ಎಂದರೆ ಕೆಟ್ಟದ್ದಾಯಿತೆಂದು ಅತ್ತವರನ್ನು ನಾವು ಕಂಡಿದ್ದೇವೆ. 'ಆ ರೋಗ ನಿಮಗಿಲ್ಲ' ಎನ್ನಲು ಎಷ್ಟು ಹೊತ್ತು ಬೇಕು? ಪಡಸಾಲೆಯಲ್ಲಿ ನೂರು ಜನ ಕಾದಿರುವಾಗ ಪ್ರತಿಯೊಬ್ಬರಿಂದಲೂ ಒಪ್ಪಿಸಿಕೊಳ್ಳುವುದು ಕಷ್ಟವೆಂಬುದನ್ನು ಬಲ್ಲೆವು. ಹೊಸ ಔಷಧ ಬರೆದಾಗಲಾದರೂ, ತಪ್ಪಿದರೆ ಪ್ರಾಣಕ್ಕೆ ಬರುವ ಔಷಧ ಬರೆದಾಗಲಾದರೂ ಅಷ್ಟು ಹೊತ್ತನ್ನು ಕೊಡಬೇಕು.

ಕೊನೆಗೆ ಮಠಗಳ ಮಾತು. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟು, ಕಾಳುಕಡಿಯ ಬದಲು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಲಿಂಗೈಕ್ಯರಾದ ಆ ಪೂಜ್ಯರ ಮಹಾಂತ ಜೋಳಿಗೆಯನ್ನು ನಾಡೆಲ್ಲ ಬಲ್ಲದು. ಕುಡಿಯುವವನನ್ನು ಜರೆದು ದೂರವಿಡದೆ ಅವನ ಮುಂದೆಯೇ ಕೈಚಾಚಿ ನಿಂತದ್ದು ಆ ಜೋಳಿಗೆಯ ದೊಡ್ಡತನ. ಬೇಡುವವರು ಸ್ವಾಮಿಗಳೇ ಆದಾಗ ಕೊಡುವವನಿಗೆ ನಾಚಿಕೆಯೆಲ್ಲಿ ಉಳಿಯಿತು? ತಿಳಿಯದೆ ಬಾಯಿಮುಚ್ಚಿ ಕುಳಿತ ರೋಗಿಯ ನಾಚಿಕೆಯನ್ನೂ ನಾವು ಹಾಗೆಯೇ ಬೇಡಿ ಪಡೆಯಬೇಕಾಗಿದೆ.

ಅಮಾವಾಸ್ಯೆಗೆ ಊರೂರಿನ ಮಠಗಳಿಗೆ ಭಕ್ತರು ಬಂದೇ ಬರುತ್ತಾರೆ. ಆ ದಿನ ಪ್ರಸಾದದ ನಂತರ ಒಂದು ಗಂಟೆ ಕಾಲ ಚೀಟಿ ಓದುವ ದಾಸೋಹ ನಡೆಯಲಿ ಎಂಬುದು ನಮ್ಮ ಸೂಚನೆ. ನಿವೃತ್ತ ಶಿಕ್ಷಕರು, ಔಷಧದ ಅಂಗಡಿಯ ಅನುಭವಿಗಳು, ಊರಿನ ಆಶಾ ಕಾರ್ಯಕರ್ತೆಯರು ಕುಳಿತುಕೊಳ್ಳಲಿ. ಭಕ್ತರು ತಮ್ಮ ಚೀಟಿ, ಗುಳಿಗೆಗಳನ್ನು ತರಲಿ. ಓದಿ ಹೇಳುವುದು, ಒಪ್ಪಿಸಿಕೊಳ್ಳುವುದು, ಇಷ್ಟೇ ಅಲ್ಲಿಯ ಕೆಲಸ. ಔಷಧ ಬದಲಿಸುವ, ಬಿಡಿಸುವ ಅಧಿಕಾರ ಅಲ್ಲಿ ಯಾರಿಗೂ ಇರಕೂಡದು. ಸಂದೇಹ ಬಂದರೆ ಬರೆದ ವೈದ್ಯರನ್ನೇ ಕೇಳಬೇಕು. ಒಬ್ಬರ ಬೇನೆಯ ಸುದ್ದಿ ಇನ್ನೊಬ್ಬರ ಕಿವಿಗೆ ಬೀಳಕೂಡದು. ಬಸವಾದಿ ಶರಣರು ಅರಿವನ್ನು ಪಂಡಿತರ ಭಾಷೆಯಿಂದ ಬಿಡಿಸಿ ಕಾಯಕದ ಜನರ ನುಡಿಗೆ ತಂದರು. ಕೂಡಲಸಂಗಮದ ನೆರೆಯಲ್ಲಿರುವ ನಾವು ಒಂದು ಔಷಧದ ಚೀಟಿಯನ್ನು ನಮ್ಮ ಜನರ ನುಡಿಗೆ ತರಲಾರೆವೇ?

ನವನಗರದ ಆ ಹಿರಿಯರಿಗೆ ಚೀಟಿಯ ಅರ್ಥವನ್ನು ಹೇಳಿ, "ನಿಮ್ಮ ಮನಿಯವರಿಗೆ ಹ್ಯಾಂಗ ಹೇಳ್ತೀರಿ, ಹೇಳ್ರಿ ನೋಡೋಣ. ನಾವು ಸರಿಯಾಗಿ ಹೇಳೀವೋ ಇಲ್ಲೋ ತಿಳೀಲಿ" ಎಂದೆವು. ಅವರು ಬೆರಳು ಮಡಿಚಿ ಹೇಳಿದರು: ಮುಂಜಾನೆ ಉಂಡ ಮೇಲೆ ಒಂದು, ರಾತ್ರಿ ಉಂಡ ಮೇಲೆ ಒಂದು, ನಡುವಿನ ಸೊನ್ನೆಗೆ ಏನೂ ಇಲ್ಲ. ಎರಡು ವರ್ಷಗಳ ಹಿಂದೆ ನಮ್ಮ ಅಕ್ಕನಿಂದ ಕೇಳಿಸಿಕೊಳ್ಳಬೇಕಾಗಿದ್ದ ಒಪ್ಪಿಸುವಿಕೆಯನ್ನು ನಾವು ಅಂದು ಅವರಿಂದ ಕೇಳಿಸಿಕೊಂಡೆವು. ಎದ್ದು ಹೋಗುವ ಮುನ್ನ ಅವರು ಕಿಸೆಯಿಂದ ಚಾಳೀಸು ತೆಗೆದು, ಒರೆಸಿ, ಹಾಕಿಕೊಂಡು, ನಮ್ಮನ್ನು ನೋಡಿ ನಕ್ಕರು. ನಾವೂ ನಕ್ಕೆವು.